ಹಾಂಕಾಂಗಿನಲ್ಲಿ ತಾತನ ಹೇಸರಗತ್ತೆ

ಹೊರಡುವ ಮೊದಲು

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವಳು ನಾನು. ಮೊದಲು ವಿಮಾನ ಹತ್ತಿದವಳೂ ನಾನೇ ಆಗಬೇಕಿತ್ತು. ಆದರೆ ವಿಮಾನದ ಬಾಗಿಲಲ್ಲಿ ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, "ತಡಿಯವ್ವ, ಕಿಟಕಿ ಸೀಟು ಯಾರಾರ ಇಡ್ಕಂಬುಟ್ಟಾರು" ಎಂದು ಒಳಗೆ ನುಗ್ಗಿಬಿಟ್ಟಳು. ಆ ಗೌರವ ಅವಳ ಪಾಲಾಯಿತು. ವಿದೇಶಕ್ಕೆ ಹೋದವರ ಮಾತಿಗೆ ಬಂದರೆ ನಾವಿಬ್ಬರೂ ಹಿಂದೆಯೇ. ಅವ್ವನ ಅಪ್ಪ, ಅಂದರೆ ನನ್ನ ತಾತ, ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಪಾಸ್‌ಪೋರ್ಟು, ವೀಸಾ ಒಂದೂ ಇಲ್ಲದೆ, ಸೇನೆಯ ಸಾಮಾನು ಹೊರಿಸಲು ಸರ್ಕಾರ ಕೊಟ್ಟ ಒಂದು ಹೇಸರಗತ್ತೆಯ ಹಗ್ಗ ಹಿಡಿದುಕೊಂಡು ಕಾಡು ಬೆಟ್ಟ ಹತ್ತಿ ಇಳಿದವರು.

ಆ ಹೇಸರಗತ್ತೆಗಾಗಿಯೇ ನಾವು ಹಾಂಕಾಂಗಿಗೆ ಹೋದದ್ದು.

ಸ್ವಲ್ಪ ವಿವರಿಸಬೇಕು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆ. ಸಹೋದ್ಯೋಗಿಗಳು ಸೈಟು, ಚಿನ್ನ, ಸೀರೆ ಕೂಡಿಸಿದರೆ ನಾನು ಸಿಪಾಯಿಗಳನ್ನು ಕೂಡಿಸುತ್ತೇನೆ. ಒಂದಡಿ ಎತ್ತರದ ಬೊಂಬೆಗಳು. ಮೊಣಕೈ, ಮಂಡಿ, ಕುತ್ತಿಗೆ ಎಲ್ಲ ಮಡಚುತ್ತವೆ. ಅಂಗಿಯ ಗುಂಡಿ ನಿಜವಾಗಿ ಬಿಚ್ಚಿ ಹಾಕಬಹುದು. ಬೆಲ್ಟು, ಬೂಟು, ನೀರಿನ ಬಾಟಲಿ, ಊಟದ ಡಬ್ಬಿ, ಹೆಬ್ಬೆರಳಷ್ಟು ಚೀಲ, ಅದರೊಳಗೆ ಉಗುರಿನಷ್ಟು ನಕ್ಷೆ. ಕೈಗಳು ಮಾತ್ರ ಜೋಡಿ ಜೋಡಿ ಬರುತ್ತವೆ: ಕೋವಿ ಹಿಡಿಯುವ ಕೈ ಬೇರೆ, ಸಲಾಮು ಹೊಡೆಯುವ ಕೈ ಬೇರೆ, ಸುಮ್ಮನೆ ಇಳಿಬಿಡುವ ಕೈ ಬೇರೆ. ಬೇಕಾದದ್ದನ್ನು ಸಿಕ್ಕಿಸಿಕೊಳ್ಳಬೇಕು.

ಈ ಗೀಳು ಹತ್ತಿದ್ದು ಗೋಕುಲಂನಲ್ಲಿ. ಎಂ.ಎಸ್ಸಿ. ಓದುವಾಗ ಅಲ್ಲಿ ಮನೆಪಾಠ ಹೇಳಲು ಹೋಗುತ್ತಿದ್ದೆ. ಯೋಗ ಕಲಿಯಲು ಬಂದಿದ್ದ ಒಬ್ಬ ವಿದೇಶಿ ಹೆಂಗಸು ಊರಿಗೆ ಹಿಂತಿರುಗುವ ಮುಂಚೆ ಮನೆ ಮುಂದೆ ತನ್ನ ಚಾಪೆ, ಮಿಕ್ಸಿ, ಬುದ್ಧನ ತಲೆ ಹರವಿಕೊಂಡು ಮಾರುತ್ತಿದ್ದಳು. ನಡುವೆ ಒಬ್ಬ ಸಿಪಾಯಿ. ಒಂದು ಕಾಲಿಲ್ಲ. ಆಸನ ಹಾಕಿ ಹಾಕಿ ಕಳಚಿಹೋಗಿರಬೇಕು ಅಂದುಕೊಂಡೆ. ಹೆಗಲ ಮೇಲಿನ ಹೊಲಿಗೆ ನೋಡಿದೆ, ನಮ್ಮ ಬೀದಿಯ ಟೈಲರು ಮನುಷ್ಯರ ಅಂಗಿಗೂ ಅಷ್ಟು ನೀಟಾಗಿ ಹೊಲಿಯುತ್ತಿರಲಿಲ್ಲ. ತಂದುಬಿಟ್ಟೆ.

"ಓದ್ಸಿದ್ದು ಬೊಂಬೆ ಆಡಕ್ಕಾ?" ಎಂದಿದ್ದಳು ಅವ್ವ ಮೊದಲು. ಆಮೇಲೆ ವಿದ್ಯಾರಣ್ಯಪುರಂನ ತನ್ನ ಮನೆಯಲ್ಲಿ ದಸರಾ ಬೊಂಬೆ ಕೂರಿಸುವಾಗ ಕೇಳದೆಯೇ ನಾಲ್ಕು ಜನರನ್ನು ಎತ್ತಿಕೊಂಡು ಹೋದಳು. ಆ ವರ್ಷ ಪಟ್ಟದ ಬೊಂಬೆಗಳ ಎಡಕ್ಕೆ ಬಲಕ್ಕೆ ವಿಷಾನಿಲದ ಮುಖವಾಡ ಹಾಕಿಕೊಂಡ ಸಿಪಾಯಿಗಳು ಕಾವಲು ನಿಂತಿದ್ದರು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, "ಇವ್ರು ಯಾರು, ಮಾವುತರಾ?" ಎಂದು ಕೇಳಿದರಂತೆ.

ಹೋದ ವರ್ಷ ನಾನು ತಾತನನ್ನೇ ಮಾಡಲು ಕೂತೆ. ಖಾಕಿ ಬಟ್ಟೆಗೆ ನನ್ನ ಹಳೆಯ ಎನ್‌ಸಿಸಿ ಸಮವಸ್ತ್ರ ಕತ್ತರಿಸಿದೆ. ಅವ್ವ ಪಕ್ಕದಲ್ಲಿ ಕೂತು, "ಮೂಗು ಇನ್ನೊಸಿ ಮೊಂಡು... ಕಿವಿ ಅಗ್ಲ..." ಎಂದು ಹೇಳಿ ಮುಖ ತಿದ್ದಿಸಿದಳು. ಎಲ್ಲ ಆಯಿತು, ಹೇಸರಗತ್ತೆ ಮಾತ್ರ ಇಲ್ಲ. ಆ ಅಳತೆಯ ಹೇಸರಗತ್ತೆಯನ್ನು ಯಾವುದೋ ಸಣ್ಣ ಕಂಪನಿ ಯಾವಾಗಲೋ ಒಂದಿಷ್ಟು ಮಾಡಿ ಬಾಗಿಲು ಹಾಕಿಕೊಂಡಿತ್ತು. ವರ್ಷವಿಡೀ ಅಂತರ್ಜಾಲದಲ್ಲಿ ಹುಡುಕಿದ ಮೇಲೆ ಒಂದು ಸಿಕ್ಕಿತು, ಹಾಂಕಾಂಗಿನ ಫಂಗ್ ಎಂಬ ಸಂಗ್ರಾಹಕರ ಹತ್ತಿರ. ಅಂಚೆಯಲ್ಲಿ ಕಳಿಸುವುದಿಲ್ಲ ಎಂದರು. ಅವರದೊಂದು ಪದ್ಧತಿ: ತಮ್ಮ ಸಾಮಾನು ಯಾರ ಪಕ್ಕ ನಿಲ್ಲುತ್ತದೋ ಆ ಬೊಂಬೆಯನ್ನು ಕಣ್ಣಾರೆ ನೋಡಬೇಕು, ಒಪ್ಪಿದರೆ ಮಾತ್ರ ಕೊಡುವುದು. ಥೇಟ್ ಹೆಣ್ಣು ಕೊಡುವವರ ಮಾತು.

"ದಸರಾ ರಜೆಗೆ ಹೋಗಿ ಬರ್ತೀನಿ" ಎಂದೆ.

"ನಮ್ಮಪ್ಪನ ಏಸರಗತ್ತೆ ತರಕ್ಕೆ ನೀನೊಬ್ಳೇ ಓಗ್ಬುಟ್ಟಿಯಾ? ನಾನೂ ಬತ್ತೀನಿ" ಎಂದಳು ಅವ್ವ. ಎಪ್ಪತ್ತರ ಹೆಂಗಸು. ಒಂದೇ ಷರತ್ತು: "ಆಯುಧಪೂಜೆ ಬುಡಕ್ಕಿಲ್ಲ. ಅಲ್ಲೇ ಮಾಡ್ತೀನಿ."

ಬೆಂಗಳೂರು ವಿಮಾನ ನಿಲ್ದಾಣ

ತಾತನನ್ನು ಕೈಚೀಲದಲ್ಲಿ, ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ತಪಾಸಣೆಯ ಯಂತ್ರದೊಳಗಿಂದ ಚೀಲ ಹೊರಗೆ ಬಂದದ್ದೇ ಅಧಿಕಾರಿಯೊಬ್ಬರು ಕೈಯೆತ್ತಿದರು.

"ಮೇಡಂ, ಇದರಲ್ಲಿ ಆಯುಧ ಕಾಣಿಸ್ತಿದೆ."

ಬಿಚ್ಚಿದೆ. ಟವೆಲಿನಿಂದ ತಾತನ ತಲೆ ಹೊರಬಂತು.

"ಯಾರಿದು?"

"ನಮ್ಮ ತಾತ ಸಾರ್."

ಅವರು ಎರಡು ಬೆರಳಲ್ಲಿ ತಾತನ ಕೋವಿ ಹಿಡಿದೆತ್ತಿದರು. ನನ್ನ ಗೇಣಿಗೂ ಕಡಿಮೆ. "ಆಟಿಕೆ ಗನ್ ಕ್ಯಾಬಿನ್ನಿಗೆ ಬಿಡಲ್ಲ ಮೇಡಂ. ರೂಲ್ಸು."

"ಸಾರ್, ನಾನು ಫಿಸಿಕ್ಸ್ ಎಂ.ಎಸ್ಸಿ. ಈ ನಳಿಗೇಲಿ ಗುಂಡುಸೂಜಿ ಕೂಡ ಹೋಗಲ್ಲ."

"ನಾನು ಬಿ.ಇ. ಮೇಡಂ, ಮೆಕ್ಯಾನಿಕಲ್ಲು. ರೂಲ್ಸ್ ರೂಲ್ಸೇ."

ನಾನು ವಾದಕ್ಕೆ ನಿಲ್ಲುವಷ್ಟರಲ್ಲಿ ಅವ್ವ ನಡುವೆ ಬಂದಳು. "ಒಳ್ಳೇದಾಯ್ತು, ತಗಳಿ ಸಾರ್. ನಮ್ಮಪ್ಪನ ಕೈಗೆ ಕೋವಿ ಕೊಟ್ಟೋಳು ಇವ್ಳೇಯ. ಅವ್ರು ಒಂದಿನ ಕೋವಿ ಇಡ್ದೋರಲ್ಲ."

"ಪುಸ್ತಕದಲ್ಲಿ ಎಲ್ಲ ಸಿಪಾಯಿಗಳಿಗೂ ಇದೆ ಕಣವ್ವ" ಎಂದೆ.

"ಪುಸ್ತಕದಲ್ಲಿರೋರು ನಮ್ಮಪ್ಪ ಅಲ್ವಲ್ಲ ಕಣವ್ವ."

ಹಿಂದೆ ನಿಂತಿದ್ದ ಸಾಲು ನಗತೊಡಗಿತು. ಕೋವಿ ಒಂದು ತಟ್ಟೆಯಲ್ಲಿ ಲೈಟರು, ಕತ್ತರಿ, ಯಾರದೋ ತೆಂಗಿನಕಾಯಿಯ ಜೊತೆ ಹೋಗಿ ಕೂತಿತು. ತಾತನಿಗೆ ಉಳಿದದ್ದು ಕೋವಿ ಹಿಡಿಯುವ ಕೈ ಮಾತ್ರ. ಬದಲಿ ಕೈಗಳು ದಟ್ಟಗಳ್ಳಿಯ ಕಪಾಟಿನಲ್ಲಿ. ಹೀಗೆ ನಮ್ಮ ತಾತ ಎರಡನೇ ಸಲ ದೇಶ ಬಿಟ್ಟರು, ಗಾಳಿಯನ್ನು ಹಿಡಿದುಕೊಂಡು, ಸಿಟಿ ಬಸ್ಸಿನಲ್ಲಿ ಕಂಬಿಗಾಗಿ ತಡಕಾಡುವವರ ಹಾಗೆ.

ಹಾಂಕಾಂಗ್: ಕೋಣೆ ಮತ್ತು ಟೀ

ಹೋಟೆಲಿನ ಕೋಣೆ ನಮ್ಮ ಮನೆಯ ದೇವರಕೋಣೆಗಿಂತ ಒಂದು ಮಣೆಯಷ್ಟು ದೊಡ್ಡದು. ಸೂಟ್‌ಕೇಸು ತೆರೆದರೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಅವ್ವ ಸೀರೆ ಉಡುವಾಗ ನಾನು ಮಂಚದ ಮೇಲೆ ಕಾಲು ಮಡಚಿಕೊಂಡು ಕೂರುವುದು, ನಾನು ತಲೆ ಬಾಚುವಾಗ ಅವಳು ಬಚ್ಚಲಿನಲ್ಲಿ ನಿಲ್ಲುವುದು. ಕಿಟಕಿಯಾಚೆ ಕೈಗೆಟುಕುವಷ್ಟು ದೂರದಲ್ಲಿ ಇನ್ನೊಬ್ಬರ ಕಿಟಕಿ. ಅಲ್ಲಿ ಒಬ್ಬಾಕೆ ಒಗೆದ ಬಟ್ಟೆಯನ್ನು ಬಿದಿರುಗಳಕ್ಕೆ ಪೋಣಿಸಿ ಹೊರಗೆ ಚಾಚುತ್ತಿದ್ದಳು. ಅವ್ವ ಮೊದಲ ದಿನವೇ ಆಕೆಯ ಜೊತೆ ಕೈಸನ್ನೆಯಲ್ಲಿ ಮಾತು ಶುರು ಮಾಡಿದಳು. "ಅವ್ಳಿಗೂ ಮಂಡಿನೋವು ಕಣವ್ವ" ಎಂದು ನನಗೆ ವರದಿ ಒಪ್ಪಿಸಿದಳು.

ಅಲ್ಲಿಯ ಜನ ಬಹಳ ವೇಗ. ನಡೆಯುವುದಿರಲಿ, ನಿಂತಲ್ಲೇ ಕೊಂಡೊಯ್ಯುವ ಯಂತ್ರದ ಮೆಟ್ಟಿಲೂ ನಮ್ಮ ಮಾಲ್‌ಗಳಲ್ಲಿರುವುದಕ್ಕಿಂತ ಜೋರಾಗಿ ಓಡುತ್ತದೆ. ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು, ಹೊಳೆ ದಾಟುವವಳ ಹಾಗೆ "ಮಾದಪ್ಪಾ" ಎಂದು ಕಾಲಿಡುತ್ತಿದ್ದಳು. ಹಿಂದೆ ನಿಂತವರು ಒಬ್ಬರೂ ಗೊಣಗಲಿಲ್ಲ. ಆದರೆ ಅವರ ಸುಮ್ಮನಿರುವಿಕೆಯೇ ಬೆನ್ನಿಗೆ ತಿವಿಯುತ್ತಿತ್ತು.

ಊಟಕ್ಕೆ ಹೋದ ಕಡೆ ಅಪರಿಚಿತರ ಮೇಜಿಗೇ ನಮ್ಮನ್ನು ಕೂರಿಸಿದರು. ಖಾಲಿ ಬಟ್ಟಲು, ಒಂದು ದೊಡ್ಡ ಬೋಗುಣಿ, ಬಿಸಿ ಟೀ ತಂದಿಟ್ಟರು. ಸಕ್ಕರೆ ಹಾಲು ಏನೂ ಇಲ್ಲದ ಟೀ. ನಾನು ಓದಿಕೊಂಡವಳು, ಹೊರಗಿನವರ ಮುಂದೆ ಮುಖ ಕಿವಿಚಬಾರದು ಎಂದು ಬಟ್ಟಲಿಗೆ ಸುರಿದುಕೊಂಡು ಗಟಗಟ ಕುಡಿದೆ. ಅವ್ವನಿಗೂ ಕುಡಿಸಿದೆ. ಆಮೇಲೆ ಎದುರಿನ ಅಜ್ಜ ತನ್ನ ಬಟ್ಟಲಿಗೆ ಟೀ ಸುರಿದು, ಊಟದ ಕಡ್ಡಿಗಳನ್ನು ಅದರಲ್ಲಿ ಅದ್ದಿ ತೊಳೆದು, ಟೀಯನ್ನೆಲ್ಲ ಬೋಗುಣಿಗೆ ಚೆಲ್ಲಿದ. ಅದು ಪಾತ್ರೆ ತೊಳೆಯುವ ಟೀ.

"ಓದಿರೋಳು ಅಂತ ನಿನ್ನ ನಂಬ್ಕಂಡು ಬಂದೆ" ಎಂದಳು ಅವ್ವ. ಅವತ್ತಿನಿಂದ ಅವಳ ಊಟ ಊರಿಂದ ತಂದ ಹುರಿಹಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ. ಬಾಯಿಗೆ ಬಟ್ಟೆ ಮುಚ್ಚಿ ದಾರ ಸುತ್ತಿದ ಉಪ್ಪಿನಕಾಯಿ ಜಾಡಿ ಹೋದಲ್ಲೆಲ್ಲ ಅವಳ ಚೀಲದಲ್ಲೇ ಇರುತ್ತಿತ್ತು.

ಸಿಪಾಯಿಗಳ ಸಂತೆ

ಫಂಗ್ ಅವರನ್ನು ನೋಡುವ ಹಿಂದಿನ ದಿನ, ಬೊಂಬೆ ಅಂಗಡಿಗಳದೇ ಒಂದು ಕಟ್ಟಡಕ್ಕೆ ಹೋದೆವು. ನಮ್ಮ ದೇವರಾಜ ಮಾರುಕಟ್ಟೆಯ ಕುಂಕುಮದ ಅಂಗಡಿಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಅಂಗಡಿ ಅಂದರೆ ಬೀರುವಿನಷ್ಟು. ಒಂದರಲ್ಲಿ ಬೂಟು ಮಾತ್ರ, ಪೊಟ್ಟಣದಲ್ಲಿ ಕಡಲೆಬೀಜದ ಹಾಗೆ. ಇನ್ನೊಂದರಲ್ಲಿ ತಲೆಗಳು ಮಾತ್ರ. ಸಾಲು ಸಾಲು ತಲೆಗಳು ನಮ್ಮನ್ನೇ ನೋಡುತ್ತಿದ್ದವು. ಅವ್ವ ಸೆರಗು ಸರಿಮಾಡಿಕೊಂಡಳು.

ನಾನು ನೀರಿನ ಬಾಟಲಿಯೊಂದರ ಮುಚ್ಚಳ ತಿರುಗಿಸಿ ತಿರುಗಿಸಿ ಮೈಮರೆತಿದ್ದಾಗ ಅವಳು ಕಾಣೆಯಾದಳು. ಹುಡುಕಿದರೆ ಮೂಲೆಯ ಅಂಗಡಿಯ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಮುಗಿಯುತ್ತಿದ್ದಾಳೆ. ಅಲ್ಲಿ ನೆಲಮಟ್ಟದಲ್ಲಿ ಕೆಂಪು ಬಣ್ಣದ ಪುಟ್ಟ ಗೂಡು, ಅದರಲ್ಲಿ ಮಿಣುಕು ದೀಪ, ಮೂರು ಕಿತ್ತಳೆ, ಊದುಬತ್ತಿ. ನೋಡಿದರೆ ಬಹಳಷ್ಟು ಅಂಗಡಿಗಳಿಗೆ ಇತ್ತು.

"ಇವ್ರೂ ನಮ್ಮಂಗೇ ಕಣವ್ವ. ದೇವ್ರನ್ನ ಬಾಗ್ಲಲ್ಲೇ ಮಡಗವ್ರೆ."

ಅಲ್ಲಿಂದ ಮುಂದೆ ಪ್ರತಿ ಅಂಗಡಿಗೂ ಒಂದು ನಮಸ್ಕಾರ. ಅಂಗಡಿಯವರು ಮೊದಲು ಗಾಬರಿಯಾಗಿ, ಆಮೇಲೆ ಅವಳಿಗೆ ಕಿತ್ತಳೆ ಕೊಡತೊಡಗಿದರು. ನಾನು ಒಂದು ಬಾಟಲಿ ಕೊಂಡು ಹೊರಬಂದೆ. ಅವ್ವ ಉಡಿ ತುಂಬ ಕಿತ್ತಳೆ ತುಂಬಿಕೊಂಡು ಬಂದಳು.

ಆಯುಧಪೂಜೆಯ ಬೆಳಗ್ಗೆ

ಎದ್ದಾಗ ಅವ್ವ ಸ್ನಾನ ಮುಗಿಸಿ, ಕೋಣೆಯಲ್ಲಿದ್ದ ಲೋಹಕ್ಕೆಲ್ಲ ಅರಿಶಿನ ಕುಂಕುಮ ಹಚ್ಚಿದ್ದಳು. ಬಾಗಿಲ ಹಿಡಿ, ನೀರು ಕಾಯಿಸುವ ಕೆಟಲು, ಇಸ್ತ್ರಿಪೆಟ್ಟಿಗೆ, ನನ್ನ ಕನ್ನಡಕದ ಕಡ್ಡಿ.

"ವಾಹನ ಒಂದು ಇಲ್ವಲ್ಲ" ಎಂದು ಪೇಚಾಡಿದಳು. ಆಮೇಲೆ ಅವಳ ಕಣ್ಣು ಸೂಟ್‌ಕೇಸಿನ ಮೇಲೆ ಬಿತ್ತು. ಅದಕ್ಕೆ ಚಕ್ರ ಇತ್ತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮೈಸೂರಿನ ನಿಂಬೆಹಣ್ಣೊಂದು ಚಕ್ರದ ಕೆಳಗೆ ಹೋಗಿ, ಹೋಟೆಲಿನ ಬಿಳಿ ರತ್ನಗಂಬಳಿಯ ಮೇಲೆ ಸಾರ್ಥಕವಾಯಿತು. ಕೋಣೆ ಗುಡಿಸಲು ಬಂದ ಹೆಂಗಸು ಅದನ್ನು ನೋಡಿ "ಅಯ್ಯಾ!" ಎಂದಳು. ಉದ್ಗಾರ ಅಚ್ಚ ನಮ್ಮೂರಿನದು. ಅವ್ವ ಆಕೆಗೂ ಕುಂಕುಮ ಕೊಟ್ಟಳು. ನಾನು ಮಂಡಿಯೂರಿ ಉಜ್ಜಿದೆ.

ಫಂಗ್ ಅವರ ಉಗ್ರಾಣ

ಹಳೆಯ ಕಾರ್ಖಾನೆ ಕಟ್ಟಡದ ಮೇಲಿನ ಮಹಡಿ. ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬಟ್ಟೆಯ ಮೂಟೆಗಳ ಜೊತೆ ಹೋದೆವು. ಫಂಗ್ ಬಾಗಿಲಲ್ಲೇ ನಿಂತಿದ್ದರು. ಬಸ್ಸು ಓಡಿಸಿ ನಿವೃತ್ತರಾದವರು, ತೆಳ್ಳನೆಯ ಮೈ, ಇಸ್ತ್ರಿ ಮಾಡಿದ ಅಂಗಿ. ಚಪ್ಪಲಿ ಹೊರಗೆ ಬಿಡಿ ಎಂದು ಸನ್ನೆ ಮಾಡಿದರು. "ಮರ್ಯಾದಸ್ತರು" ಎಂದು ಅವ್ವ ಆಗಲೇ ತೀರ್ಪು ಕೊಟ್ಟಳು.

ಒಳಗೆ ನೆಲದಿಂದ ಚಾವಣಿಯವರೆಗೆ ಡಬ್ಬಿಗಳು. ಒಂದೂ ತೆರೆದದ್ದಲ್ಲ. ಹೆಚ್ಚಿನ ಸಂಗ್ರಾಹಕರು ಹೀಗೆಯೇ: ಅಂಟುಪಟ್ಟಿ ಕಿತ್ತ ಡಬ್ಬಿಗೆ ಬೆಲೆಯಿಲ್ಲ. ನಾನು ಮಾತ್ರ ಬಿಚ್ಚಿ ಆಡಿಸುವ ಜಾತಿ. ಹೆಂಡತಿ ಮನೆಯಲ್ಲಿ, ಡಬ್ಬಿಗಳು ಇಲ್ಲಿ, ಇಬ್ಬರೂ ನೆಮ್ಮದಿಯಾಗಿದ್ದೇವೆ ಎಂದರು ಫಂಗ್ ತಮ್ಮ ನಿಧಾನದ ಇಂಗ್ಲಿಷಿನಲ್ಲಿ.

ತಾತನನ್ನು ಮೇಜಿನ ಮೇಲೆ ನಿಲ್ಲಿಸಿದೆ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ. ಫಂಗ್ ಭೂತಗನ್ನಡಿ ಹಿಡಿದು ಗುಂಡಿ, ಕಾಲರು, ಜೇಬಿನ ಹೊಲಿಗೆ ನೋಡಿದರು. ತಲೆ ಆಡಿಸಿದರು. ಆಮೇಲೆ ಕೈಯ ಹತ್ತಿರ ಬಂದು ನಿಂತರು.

"ಕೋವಿ ಎಲ್ಲಿ?"

ಬೆಂಗಳೂರಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಇದು ಕೋವಿ ಹಿಡಿಯುವ ಕೈ. ಕೈಯಲ್ಲಿ ಏನೂ ಇಲ್ಲ. ಬೊಂಬೆ ಅರ್ಧವಾಗಿದೆ. ಯೋಚಿಸಿ ತಿಳಿಸುತ್ತೇನೆ."

ಯಾವ ಭಾಷೆಯಲ್ಲಿ ಹೇಳಿದರೂ ಅದರ ಅರ್ಥ ಒಂದೇ ಎಂದು ಕೆಲಸಕ್ಕಾಗಿ ಅಲೆದ ವರ್ಷಗಳಲ್ಲಿ ನಾನು ಕಲಿತಿದ್ದೆ. ತಾತನನ್ನು ಸುತ್ತಿ ತಂದಿದ್ದ ಟವೆಲಿಗೆ ಕೈಹಾಕಿದೆ. ಅದನ್ನು ಗಮನಿಸಿಯೋ ಏನೋ, ಅಷ್ಟು ದೂರದಿಂದ ಬಂದವರಿಗೆ ತೋರಿಸದೆ ಕಳಿಸಬಾರದೆಂದು ಫಂಗ್ ಒಳಗಿಂದ ಹೇಸರಗತ್ತೆಯ ಡಬ್ಬಿ ತಂದರು. ಮಗಳು ಶಾಲೆಗೆ ಹೋಗುತ್ತಿದ್ದಾಗ ಕೊಂಡದ್ದಂತೆ, ಈಗ ಆ ಮಗಳ ಮಗಳು ಶಾಲೆಗೆ ಹೋಗುತ್ತಾಳೆ. ಹಿರಿಯರು ಎಂದು ಅದನ್ನು ಅವ್ವನ ಕಡೆ ಎರಡೂ ಕೈಗಳಿಂದ ಚಾಚಿದರು. ಅಲ್ಲಿ ಒಂದು ಚೀಟಿ ಕೊಟ್ಟರೂ ಎರಡು ಕೈಯಲ್ಲೇ ಕೊಡುವುದು. ಅವ್ವ ಎರಡೂ ಕೈಗಳಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ನಾನು ಕೊನೆಯ ಪ್ರಯತ್ನವಾಗಿ ಮೊಬೈಲಿನಲ್ಲಿ ತಾತನ ಬೊಂಬೆ ಕೋವಿ ಸಮೇತ ಇದ್ದ ಫೋಟೋ ಹುಡುಕಿ ಫಂಗ್ ಅವರಿಗೆ ತೋರಿಸುತ್ತಿದ್ದೆ. ಬೆನ್ನ ಹಿಂದೆ ಪರ್ ಎಂದು ಒಂದು ಸದ್ದು.

ತಿರುಗಿದೆವು. ಅವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಅಂಟುಪಟ್ಟಿ ಸೀಳಿ, ಡಬ್ಬಿ ಬಿಚ್ಚಿ, ಹೇಸರಗತ್ತೆಯನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಹಣೆಗೆ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮ ಇಡುತ್ತಿದ್ದಳು.

"ಏನವ್ವಾ ಮಾಡ್ಬುಟ್ಟೆ!"

"ಏನ್ ಮಾಡ್ದೆ? ಆಯುಧಪೂಜೆ ಅಲ್ವಾ? ನಮ್ಮಪ್ಪನ ಆಯುಧ ಇದೇಯ, ವಾಹ್ನನೂ ಇದೇಯ. ಡಬ್ಬಿ ಪ್ಲಾಸ್ಟಿಕ್ ಮ್ಯಾಲೆ ಕುಂಕುಮ ನಿಂತದಾ?"

"ಅವ್ರಿನ್ನೂ ಕೊಟ್ಟಿಲ್ಲ ಕಣವ್ವ! ನೋಡಕ್ಕೆ ಕೊಟ್ಟಿದ್ದು!"

"ಎಲ್ಡು ಕೈಲೂ ಕೊಟ್ರು. ನಾನು ಎಲ್ಡು ಕೈಲೂ ಇಸ್ಕಂಡೆ. ಇನ್ನೆಂಗೆ ಕೊಟ್ಟಾರು?"

ಫಂಗ್ ಅವರ ಕಣ್ಣು ಸೀಳಿದ ಅಂಟುಪಟ್ಟಿಯ ಮೇಲೆ. ನಾನು ಕ್ಷಮಿಸಿ ಎಂದೆ, ಕಾಲಿಗೆ ಬೀಳುವುದೊಂದು ಬಾಕಿ. ಅವರು ಎದ್ದು ಬಂದು ಡಬ್ಬಿಯೊಳಗೆ ಕೈಹಾಕಿದರು. ಹೇಸರಗತ್ತೆಯ ಜೊತೆಗೆ ಬಂದಿದ್ದ ಜೀನು, ಲಗಾಮು, ಹೊರೆ ಕಟ್ಟುವ ತೊಗಲಿನ ಪಟ್ಟಿಗಳನ್ನು ಎತ್ತಲು ಹೋದರು. ಪಟ್ಟಿ ಬೆರಳಲ್ಲೇ ಸೀದ ಹಪ್ಪಳದ ಹಾಗೆ ಪುಡಿಯಾಯಿತು. ಇನ್ನೊಂದು ಹಿಡಿದರು, ಅದೂ ಪುಡಿ. ಅಸಲಿ ತೊಗಲಲ್ಲ, ರೆಕ್ಸಿನ್ನು. ಮುಚ್ಚಿದ ಡಬ್ಬಿಯೊಳಗೆ ಎಷ್ಟೋ ವರ್ಷಗಳ ಹಿಂದೆಯೇ ಸತ್ತುಹೋಗಿತ್ತು.

ಫಂಗ್ ಕಪ್ಪಾದ ಬೆರಳ ತುದಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗೋಡೆ ತುಂಬ ಇದ್ದ ಡಬ್ಬಿಗಳನ್ನು ನೋಡಿದರು. ಒಂದು ಸಾಲು, ಅದರ ಮೇಲಿನ ಸಾಲು, ಅದರ ಮೇಲಿನದು.

"ಏನಂತೆ?" ಎಂದಳು ಅವ್ವ.

"ಎಲ್ಲಾ ಡಬ್ಬಿನೂ ಇಂಗೇ ಆಗಿದ್ರೆ ಅಂತ ಯೋಚ್ನೆ ಅವ್ರಿಗೆ."

"ಮತ್ತೆ? ರೇಷ್ಮೆ ಸೀರೆನೇ ವರ್ಷಕ್ಕೊಂದ್ಸಲ ಬಿಡ್ಸಿ ಗಾಳಿಗಾಕ್ತೀವಿ. ಮುಚ್ಚಿಟ್ರೆ ಇನ್ನೇನಾದದು? ಅವ್ರಿಗೇಳು."

ಹೇಳುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಅವಳು ಚೀಲದಿಂದ ಉಪ್ಪಿನಕಾಯಿ ಜಾಡಿ ತೆಗೆದು, ಬಾಯಿಗೆ ಸುತ್ತಿದ್ದ ದಾರ ಬಿಚ್ಚಿದಳು. ತೊಡೆಯ ಮೇಲೆ ಹೊಸೆದು, ಹಸುವಿಗೆ ಮೂಗುದಾರದ ಹಗ್ಗ ಕಟ್ಟುವ ಹಾಗೆ ಹೇಸರಗತ್ತೆಯ ಮೂತಿಗೆ ಸುತ್ತಿ ಗಂಟು ಹಾಕಿದಳು. ಇನ್ನೊಂದು ತುದಿಯನ್ನು ತಾತನ ಕೈಯ ಸಂದಿಗೆ ತೂರಿಸಿದಳು.

ಗಾಳಿ ಹಿಡಿದುಕೊಂಡು ಬಂದಿದ್ದ ಕೈಯಲ್ಲಿ ಹಗ್ಗ ಕೂತಿತು. ಕೋವಿಗೆಂದು ಬಾಗಿದ್ದ ಬೆರಳುಗಳ ಬಾಗು, ಹಗ್ಗದ ದಪ್ಪ, ಹೇಸರಗತ್ತೆ ಕತ್ತು ಹಿಂದಕ್ಕೆಳೆದು ನಿಂತ ರೀತಿ, ಎಲ್ಲ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿತ್ತು. ಕೋಣೆಯ ತುಂಬ ನಿಂಬೆಕಾಯಿ ಉಪ್ಪಿನಕಾಯಿಯ ವಾಸನೆ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಫಂಗ್ ಮತ್ತೆ ಭೂತಗನ್ನಡಿ ತೆಗೆದುಕೊಂಡರು. ಕೈ ನೋಡಿದರು, ಹಗ್ಗ ನೋಡಿದರು, ಗಂಟು ನೋಡಿದರು. ಕೊನೆಗೆ ಕುಂಕುಮ ನೋಡಿದರು.

"ಈಗ ಪೂರ್ತಿಯಾಯಿತು" ಎಂದರು. "ತೆಗೆದುಕೊಂಡು ಹೋಗಿ. ಆದರೆ ಡಬ್ಬಿ ಮಾತ್ರ ನನಗಿರಲಿ."

ನಾನು ಅದನ್ನು ಅವ್ವನಿಗೆ ಹೇಳಿದೆ. ಅವಳು ಫಂಗ್ ಅವರನ್ನು ಕರುಣೆಯಿಂದ ನೋಡಿ, "ಖಾಲಿ ಡಬ್ಬಿ ತಾನೆ? ಮಡಿಕ್ಕಳ್ಳಿ ಯಜಮಾನ್ರೆ" ಎಂದು ತಾನೇ ದೊಡ್ಡ ಮನಸ್ಸು ಮಾಡಿ ಎರಡೂ ಕೈಗಳಿಂದ ಕೊಟ್ಟಳು. ಜೊತೆಗೆ ಒಂದು ಪೊಟ್ಟಣ ಕುಂಕುಮ, ಚೀಲದಲ್ಲಿ ಉಳಿದಿದ್ದ ಎರಡು ಕಿತ್ತಳೆ.

ವಿದ್ಯಾರಣ್ಯಪುರಂ

ಬರುವಾಗ ಯಾವ ತಪಾಸಣೆಯಲ್ಲೂ ಯಾರೂ ತಡೆಯಲಿಲ್ಲ. ಬೆಂಗಳೂರಿನಲ್ಲಿ ಕೋವಿಯನ್ನು ವಾಪಸು ಕೇಳೋಣವೇ ಎಂದೆ. "ಯಾವ ಕೈಗೆ ಕೊಟ್ಟೀಯೆ?" ಎಂದಳು ಅವ್ವ. ನಿಜ, ಕೈ ಖಾಲಿಯಿರಲಿಲ್ಲ. ಈಗ ತಾತ ಅವ್ವನ ಮನೆಯ ಟಿವಿಯ ಪಕ್ಕ ನಿಂತಿದ್ದಾರೆ. ಹೇಸರಗತ್ತೆಯ ಹಣೆಯ ಕುಂಕುಮ ಅದರ ನುಣುಪು ತುಪ್ಪಳಕ್ಕೆ ಹಿಡಿದುಕೊಂಡಿದೆ, ಏನು ಉಜ್ಜಿದರೂ ಹೋಗುವುದಿಲ್ಲ. ಉಜ್ಜುವುದನ್ನು ಬಿಟ್ಟಿದ್ದೇನೆ.

ಕಾಲೇಜು ಶುರುವಾದ ಮೇಲೆ ಒಂದು ದಿನ ಫಂಗ್ ಅವರಿಂದ ಮೊಬೈಲಿಗೆ ಫೋಟೋ ಬಂತು. ಉಗ್ರಾಣದ ನೆಲದ ತುಂಬ ತೆರೆದ ಡಬ್ಬಿಗಳು. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಸಿಪಾಯಿಗಳು, ಮೊದಲ ಸಲ ಬಿಸಿಲು ನೋಡಿದವರ ಹಾಗೆ. ಕೆಲವರ ಬೆಲ್ಟು ಉದುರಿತ್ತು, ಬಹಳ ಜನ ಚೆನ್ನಾಗಿಯೇ ಇದ್ದರು. ಎಲ್ಲರ ಕೋವಿಗೂ ಚುಕ್ಕೆಯಷ್ಟು ಕುಂಕುಮ. ಹಿಂದೆ ಕಪಾಟಿನಲ್ಲಿ ಒಂದೇ ಒಂದು ಡಬ್ಬಿ, ಹೇಸರಗತ್ತೆಯದು, ಹೊಸ ಅಂಟುಪಟ್ಟಿ ಹಾಕಿ ಜೋಪಾನವಾಗಿ ಮುಚ್ಚಿತ್ತು. ಕೆಳಗೆ ಒಂದು ಪ್ರಶ್ನೆ: ಇದನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು, ನಿಮ್ಮ ತಾಯಿಯನ್ನು ಕೇಳಿ ತಿಳಿಸಿ.

ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಫೋಟೋ ನೋಡಿದಳು.

"ವರ್ಷಕ್ಕೊಂದ್ಸಲ ಸಾಕು ಅನ್ನು" ಎಂದಳು. "ಆ ಖಾಲಿ ಡಬ್ಬಿಗೂ ಒಂದು ಬೊಟ್ಟು ಇಡಕ್ಕೇಳು. ಅದೂ ಪಾಪ, ಇಷ್ಟು ವರ್ಷ ಏಸರಗತ್ತೆನ ಒತ್ಕಂಡಿತ್ತಲ್ಲ."